ಮನೆಯವಳ ಮಗಳು

ಬೆಳಕು ಹರಿಯುವ ಮೊದಲೇ ಅಸೀಫಾ ನೆನೆಸಿಟ್ಟ ಅಕ್ಕಿಯನ್ನು ರುಬ್ಬಿ, ಹಿಟ್ಟು ಕಾಯಿಸಿ, ಪುಂಡಿಯ ಉಂಡೆ ಕಟ್ಟಿ ಹಬೆಗಿಟ್ಟಿದ್ದಳು. ಕೋಳಿಸಾರಿಗೆ ತೆಂಗಿನಕಾಯಿ ಅರೆದಿದ್ದಳು. ಮೊಯ್ದಿನ್ ಸಾಹೇಬರ ಅಂಗಿಗೆ ಇಸ್ತ್ರಿ ಹಾಕಿ, ಅವರ ಮಗ ಫಾಯಿಝ್ ಸೋಫಾದ ಮೇಲೆ ಕಳಚಿ ಎಸೆದ ಕಾಲುಚೀಲಗಳನ್ನು ಹೆಕ್ಕಿ ಮೆಷಿನ್ನಿಗೆ ಹಾಕಿ, ರಾತ್ರಿಯ ಗಾಳಿ ಬಾಗಿಲಲ್ಲಿ ಸುರಿದುಹೋಗಿದ್ದ ಮರಳು ಗುಡಿಸಿ, ಕಾರಿನ ಗಾಜು ಒರೆಸಿದ್ದಳು. ನಡುವೆ ಸೊಂಟ ಚಳಕ್ ಎಂದಾಗ ಕಟ್ಟೆ ಹಿಡಿದು ನಿಂತು, ಹಲ್ಲು ಕಚ್ಚಿ, ಮತ್ತೆ ಬಗ್ಗಿದ್ದಳು. ಅರಬ್ ನಾಡಿನ ಉಮ್ಮ್ ಸಲಾಲ್‌ನ ಆ ವಿಲ್ಲಾದಲ್ಲಿ ಆಮೇಲೆ ಎದ್ದವರಿಗೆಲ್ಲ ಮನೆ ತಾನಾಗಿಯೇ ಚೊಕ್ಕಟವಾಗಿ ಎದ್ದಂತೆ ಕಂಡಿತು.

ಅವಳನ್ನು ಅಲ್ಲಿ ಯಾರೂ ಕೆಲಸದವಳು ಎನ್ನುತ್ತಿರಲಿಲ್ಲ. ಬಂಟ್ವಾಳದ ಕಡೆಯ ದೂರದ ನೆಂಟಸ್ತಿಕೆ ಬೇರೆ ಇತ್ತು. “ಅಸೀಫಾ ನಮ್ಮ ಮನೆಯವಳೇ” ಎಂದು ಯಜಮಾನಿ ಮುನೀರಾ ಬಂದವರಿಗೆಲ್ಲ ಹೇಳುವಳು. ಕೆಲಸದವಳಿಗಾದರೆ ಕಾನೂನಿನ ಪ್ರಕಾರ ವಾರಕ್ಕೊಂದು ರಜೆ ಕೊಡಬೇಕು. ಅದನ್ನು ಒಮ್ಮೆ ಕೇಳಿದ್ದಕ್ಕೆ ಮುನೀರಾ ಮುಖ ಸಣ್ಣದು ಮಾಡಿಕೊಂಡಿದ್ದಳು: “ಮನೆಯವಳಿಗೆ ಎಂಥ ರಜೆ ಮಾರಾಯ್ತಿ? ನಾನು ರಜೆ ತಗೊಳ್ತೇನಾ?” ಮನೆಯವಳು ಮಲಗುತ್ತಿದ್ದುದು ಮಾತ್ರ ಇಸ್ತ್ರಿ ಕೋಣೆಯಲ್ಲಿ.

ಅಂದು ಶುಕ್ರವಾರ. ಎಲ್ಲರೂ ತಿಂಡಿಗೆ ಕೂತಿದ್ದರು. ಮುನೀರಾ ಪುಂಡಿ ಮುರಿಯುತ್ತ ಹೇಳಿದಳು: “ನಿನ್ನ ಮಗಳು ಮುಫೀದಾಳನ್ನೂ ಇಲ್ಲಿಗೇ ಕರೆಸುವ ಅಸೀಫಾ. ದೊಡ್ಡ ಸೊಸೆಗೆ ಹೆರಿಗೆ ಹತ್ರ ಬಂತಲ್ಲ, ಮಗು ನೋಡ್ಲಿಕ್ಕೆ ನಮ್ಮವಳೇ ಒಬ್ಬಳು ಬೇಕು. ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬರ್ಲಿ, ಮತ್ತೆ ನೋಡುವ.”

ಅಸೀಫಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಅವಳಿಗೆ ಮಂಗಳೂರಲ್ಲಿ ನರ್ಸಿಂಗ್ ಸೀಟು ಆಗಿದೆ ಅಕ್ಕ. ನಾಳೆ ಸೇರದಿದ್ರೆ ಬೇರೆಯವರಿಗೆ ಹೋಗ್ತದೆ.”

“ನರ್ಸ್ ಆಗಿ ಮಾಡುದೆಂಥ? ಕಂಡವರ ಹೇಲು ಉಚ್ಚೆ ಬಾಚುದು. ಇಲ್ಲಾದ್ರೆ ನಮ್ಮ ಮಗುವಿನದ್ದೇ ತಾನೆ!” ಮುನೀರಾ ತನ್ನ ಮಾತಿಗೆ ತಾನೇ ನಕ್ಕಳು.

“ನರ್ಸಿಂಗ್ ತುಂಬಾ ಟಫ್ ಆಂಟಿ,” ಎಂದ ಫಾಯಿಝ್ ಫೋನಿನಿಂದ ತಲೆಯೆತ್ತದೆ. “ಬಯಾಲಜಿ ಎಲ್ಲ ಇರ್ತದೆ.”

ಆ ಬಯಾಲಜಿಯಲ್ಲಿ ಅವನು ಏದುಸಿರು ಬಿಟ್ಟು ಪಾಸಾದವನು. ಮುಂದಿನ ತಿಂಗಳು ಜಾರ್ಜಿಯಾಕ್ಕೆ ಡಾಕ್ಟರಿಕೆ ಓದಲು ಹೊರಟಿದ್ದ. ಮುಫೀದಾ ಅದೇ ವಿಷಯದಲ್ಲಿ ಕಾಲೇಜಿಗೇ ಮೊದಲು. ಅವನು ಎಡವಿದ್ದಕ್ಕೆ ಒಂದು ದೇಶದ ಬಾಗಿಲೇ ತೆರೆದಿತ್ತು. ಅವಳು ಗೆದ್ದದ್ದಕ್ಕೆ ಕೈಗೆ ತೊಟ್ಟಿಲ ಹಗ್ಗ.

ಮೊಯ್ದಿನ್ ಸಾಹೇಬರು ತಲೆಯೆತ್ತದೆ ಖಾಲಿ ಲೋಟವನ್ನು ಮುಂದೆ ಚಾಚಿದರು. “ಬಡವರ ಮಕ್ಕಳಿಗೆ ದಾರಿ ತೋರಿಸ್ಲಿಕ್ಕೆ ನಾವಲ್ಲದೆ ಮತ್ಯಾರು? ಖಲಾಸ್, ಕರೆಸು.”

ಅಸೀಫಾ ಚಹಾ ಬಗ್ಗಿಸಿದಳು.

“ಮುಖ ಯಾಕೆ ಹಾಗೆ ಮಾಡ್ತಿ?” ಎಂದಳು ಮುನೀರಾ. “ನಾನೂ ಹದಿನೆಂಟಕ್ಕೆ ಮದುವೆಯಾಗಿ ಬಂದು ಇವರ ಮನೆಯ ಒಲೆಯ ಮುಂದೆ ನಿಂತವಳೇ. ಸತ್ತೆನಾ?”

ಸತ್ತಿರಲಿಲ್ಲ. ಒಲೆಯ ಮುಂದಿನಿಂದ ಮುನೀರಾ ಪಾರಾಗಿದ್ದಳು. ಆದರೆ ಆ ಜಾಗಕ್ಕೆ ಬಂದದ್ದು ಅವಳ ಗಂಡನಲ್ಲ, ಮಗನಲ್ಲ, ಇನ್ನೊಬ್ಬ ಹೆಂಗಸು. ಈಗ ಆ ಹೆಂಗಸಿನ ಸೊಂಟ ಸೋಲುತ್ತಿದೆ, ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ಬೇಕು. ಅದಕ್ಕೆ ಇವರು ಇಟ್ಟ ಹೆಸರು ದಾರಿ ತೋರಿಸುವುದು! ಅಸೀಫಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ನಡೆದಳು.

ಗಂಡಸರು ಜುಮಾ ನಮಾಜಿಗೆ ಹೋದ ಮೇಲೆ ಇಸ್ತ್ರಿ ಕೋಣೆಯಲ್ಲಿ ಫೋನ್ ನೋಡಿದರೆ ಮುಫೀದಾಳ ವಾಯ್ಸ್ ಮೆಸೇಜ್ ಬಂದಿತ್ತು, ತಿಂಡಿಗೂ ಮೊದಲೇ.

“ಉಮ್ಮಾ, ಮುನೀರಾ ಆಂಟಿ ಫೋನ್ ಮಾಡಿದ್ರು. ನಿಮಗೆ ಏಳ್ಲಿಕ್ಕೇ ಆಗುದಿಲ್ಲಂತೆ, ನಾನು ಬಂದ್ರೆ ನಿಮಗೆ ರೆಸ್ಟ್ ಕೊಡ್ತಾರಂತೆ. ನನಗೆ ಯಾಕೆ ಹೇಳ್ಲಿಲ್ಲ ನೀವು? ಕಾಲೇಜು ಬೇಡ, ನಾನು ಬರ್ತೇನೆ. ಸೀಟು ಬೇಡಾಂತ ಈಗಲೇ ಹೇಳಿಬಿಡ್ಲಾ?”

ಅಸೀಫಾ ಮತ್ತೊಮ್ಮೆ ಕೇಳಿದಳು. ಮೊದಲು ಸಿಟ್ಟು ಬಂತು: ತನ್ನ ನೋವನ್ನೇ ಗಾಳಕ್ಕೆ ಸಿಕ್ಕಿಸಿ ಮಗಳತ್ತ ಎಸೆದಿದ್ದಾರೆ, ತನ್ನನ್ನು ಕೇಳುವ ಮೊದಲೇ ಎಸೆದಿದ್ದಾರೆ. ಆಮೇಲೆ ಮಗಳ ದನಿ ಅವಳೊಳಗೆ ಇಳಿಯಿತು. ಬಿಟ್ಟು ಬರುವಾಗ ಹೈಸ್ಕೂಲು ಹುಡುಗಿಯ ದನಿ. ಈಗ ಹೆಂಗಸಿನ ದನಿ. ನಡುವಿನದನ್ನು ಅವಳು ಕಂಡಿರಲಿಲ್ಲ. ಒಂದು “ಬಾ” ಎಂದರೆ ಸಾಕು. ಈ ಕೋಣೆಯಲ್ಲಿ ಪಕ್ಕದಲ್ಲೇ ಮಲಗುತ್ತಾಳೆ, ಕೈಚಾಚಿದರೆ ಆ ಕೂದಲು ಸಿಗುತ್ತದೆ. ಬೇಡ ಎಂದರೆ ಮುನೀರಾ ಈ ಚಾಪೆಯನ್ನೂ ಉಳಿಸಲಿಕ್ಕಿಲ್ಲ.

ಹೊರಗಿನಿಂದ ಕೂಗು ಬಂತು: “ಅಸೀಫಾ, ಮಗಳ ಹತ್ರ ಮಾತಾಡಿದ್ಯಾ?”

ಅವಳು ಬಾಗಿಲು ಮುಚ್ಚಿದಳು. ಚಿಲಕ ಹಾಕಿ, ಮೈಕಿನ ಗುರುತನ್ನು ಒತ್ತಿ ಹಿಡಿದಳು.

“ಕೇಳು ಮಗಳೇ. ನೀನಿಲ್ಲಿಗೆ ಬಂದ್ರೆ ನಾನು ನಿನ್ನ ಹತ್ರ ಮಾತಾಡುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗು, ಸೇರು. ಅವರ ಫೋನ್ ತೆಗೀಬೇಡ. ನನ್ನದು ನಾನು ನೋಡಿಕೊಳ್ತೇನೆ.”

ಬೆರಳು ಬಿಟ್ಟಳು. ಮಾತು ಮಗಳತ್ತ ಹೋಯಿತು.