ಮೂಗು ಚುಚ್ಚಿದ ಗುರುತು

ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಯಾರು ಹೋದರು ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಅಳು ನಿಮಗೆ ಶುರುವಾಗುತ್ತದೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕನ್ನಡ ಸಿನಿಮಾದ ದೊಡ್ಡ ನಟ ಅಂದುಕೊಳ್ಳಿ, ಅಷ್ಟು ಸಾಕು. ನನ್ನ ಗಂಡ ಅವರನ್ನು ‘ದೊಡ್ಡವರು’ ಅನ್ನುತ್ತಿದ್ದರು. ಮನೆಯಲ್ಲಿ ನಮಗೂ ಅದೇ ರೂಢಿ.

ಮುಂಬಯಿ ಕಾಂದಿವಲಿಯ ನಮ್ಮ ಚಾಳಿನ ಖೋಲಿಯಲ್ಲಿ ಟಿವಿ ಒಲೆಗೆ ಎದುರಾಗಿಯೇ ಇದೆ. ಕೆಳಗೆ ಓಡುತ್ತಿದ್ದ ಅಕ್ಷರ ಓದಿದೆ, ತಲೆಗೆ ಹೋಗಲಿಲ್ಲ. ದೊಡ್ಡವರ ಫೋಟೋದ ಮುಂದೆ ದೀಪ ಉರಿಯುವುದನ್ನು ತೋರಿಸಿದಾಗ ತಿಳಿಯಿತು. ಹಿಟ್ಟಿನ ಕೈಯಲ್ಲೇ ಎದೆ ಬಡಿದುಕೊಂಡೆ. ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಎಚ್ಚರವಿಲ್ಲ. ನನ್ನ ಅಪ್ಪ ಹೋದಾಗಲೂ ನಾನು ಹಾಗೆ ದನಿ ತೆಗೆದು ಅತ್ತವಳಲ್ಲ. ಆಗ ಊರು ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟು ಮುಗಿದಿತ್ತು. ಆ ಅಳು ಒಳಗೇ ಉಳಿದಿತ್ತೋ ಏನೋ, ಈಗ ಎಲ್ಲಾ ಸೇರಿ ಬಂತು.

ಕಾಲೇಜಿಗೆ ಹೊರಟಿದ್ದ ಮಗಳು ಹೆದರಿದಳು. “ಮಮ್ಮಿ, ಪ್ಲೀಸ್ ಯಾರ್. ಪಡೋಸಿ ಕ್ಯಾ ಬೋಲೇಂಗೆ?” ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. ದೊಡ್ಡವರ ಒಂದು ಸಿನಿಮಾವನ್ನೂ ಪೂರ್ತಿ ಕೂತು ನೋಡಿದವಳಲ್ಲ.

“ಬಾಜೂದವ್ರು ಬೋಲ್ತಾರ ಬೋಲ್ಲಿ ಬಿಡ, ನೀ ನಡಿ,” ಎಂದು ಗದರಿಸಿ ಕಳಿಸಿದೆ.

ಗಂಡ ಮಂಚದ ತುದಿಗೆ ಕೂತಿದ್ದರು. ಫಸ್ಟ್ ಶಿಫ್ಟು. ಒಂದು ಕಾಲಿಗೆ ಬೂಟು ಹಾಕಿದ್ದರು, ಇನ್ನೊಂದು ಬೂಟು ಕೈಯಲ್ಲೇ ಇತ್ತು. ಕಣ್ಣಲ್ಲಿ ಹನಿ ನೀರಿಲ್ಲ. ಟಿವಿಯನ್ನೂ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ನಾ ಸತ್ರ ಹಿಂಗ ಅಳ್ತಿಯೇನ?” ಅಂದರು.

“ಬಿಡ್ತು ಅನ್ರಿ! ಮುಂಜಾನೆದ್ದು ಎಂಥಾ ಮಾತು ಆಡ್ತೀರಿ.”

ಬಿಡ್ತು ಅನ್ನಲಿಲ್ಲ. ಬೂಟು ಹಾಕಿಕೊಂಡು, ಡಬ್ಬಿ ತೆಗೆದುಕೊಳ್ಳದೆ ಡ್ಯೂಟಿಗೆ ಹೋದರು.

ಆ ಮಾತು ಯಾಕೆ ಬಂತು ಎಂದರೆ, ನನ್ನ ಗಂಡನ ಮುಖದ ಸಂಗತಿ ಹೇಳಬೇಕು. ದೊಡ್ಡವರ ಮುಖ, ಇವರ ಮುಖ ಒಂದೇ ಅಚ್ಚಿನವು. ಅದೇ ಅಗಲ ಹಣೆ, ಅದೇ ಮೀಸೆ, ನಗುವಾಗ ಒಂದೇ ಬದಿಗೆ ಏರುವ ತುಟಿ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಮೆಷಿನ್ ಮೇಲೆ ಕೆಲಸ, ಅದು ಹೊಟ್ಟೆಗೆ. ಗಣಪತಿ ಬಂದರೆ, ರಾಜ್ಯೋತ್ಸವ ಬಂದರೆ, ಆರ್ಕೆಸ್ಟ್ರಾದಲ್ಲಿ ಇವರು ‘ಜೂನಿಯರ್’. ಮಾಟುಂಗದ ಹಾಲ್ ಇರಲಿ, ಮುಲುಂಡಿನ ಸೊಸೈಟಿ ಅಂಗಳ ಇರಲಿ, ದೊಡ್ಡವರ ಕೋಟು ಹಾಕಿಕೊಂಡು ಅವರ ದನಿಯಲ್ಲಿ ನಾಲ್ಕು ಮಾತು ಹೊಡೆದರೆ ಸಾಕು, ಕಟ್ಟಡ ಕೆಲಸದ ನಮ್ಮ ಕಡೆಯ ಹುಡುಗರು ಕುರ್ಚಿ ಹತ್ತಿ ಶಿಳ್ಳೆ ಹಾಕುತ್ತಿದ್ದರು. ದೊಡ್ಡವರು ಈ ಊರಿಗೆ ಬಂದದ್ದೇ ಅಪರೂಪ. ಇಲ್ಲಿನ ಜನಕ್ಕೆ ಕೈಗೆ ಸಿಗುವ ದೊಡ್ಡವರು ನನ್ನ ಗಂಡ.

ನನಗೂ ಅಷ್ಟೇ ಅನ್ನಿ. ತವರಿನಲ್ಲಿ ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದು ದೊಡ್ಡವರ ಫೋಟೋ. ಹೆಣ್ಣು ನೋಡಲು ಬಂದ ದಿನ ಅತ್ತಿಗೆ ಅಡುಗೆಮನೆಗೆ ಓಡಿ ಬಂದು, “ಏ ಹುಚ್ಚಿ, ಥೇಟ್ ಅವರ ಬಂದು ಪಡಸಾಲ್ಯಾಗ ಕುಂತಾರ ನೋಡ!” ಅಂದಳು. ಇಣುಕಿ ನೋಡಿದೆ, ಹೂಂ ಅಂದೆ. ಹುಡುಗ ಏನು ಓದಿದ್ದಾನೆ, ಮುಂಬಯಿಯ ಮನೆ ಎಷ್ಟು ದೊಡ್ಡದು, ಒಂದೂ ಕೇಳಲಿಲ್ಲ. ನೀವಾಗಿದ್ದರೆ ಕೇಳುತ್ತಿದ್ದಿರಾ?

ಇಲ್ಲಿಗೆ ಬಂದ ಮೇಲೆ ಜಗಳಕ್ಕೆ ಬರವಿಲ್ಲ. ನಳದ ನೀರು, ಊರಿಂದ ಬಂದು ತಳ ಊರುವ ನೆಂಟರು, ಇವರ ಗುಟಕಾ. ನಾನು ಮುಖ ಊದಿಸಿಕೊಂಡು ಕೂತರೆ ಇವರು ಗೋಡೆ ಕಡೆ ತಿರುಗಿ ಗಂಟಲು ಸರಿಮಾಡಿಕೊಳ್ಳುವರು. ಆಮೇಲೆ ದೊಡ್ಡವರ ದನಿ. “ಏನಮ್ಮಾ, ಊಟಕ್ಕೆ ಬಡಿಸ್ತೀಯೋ, ಇಲ್ಲ ಉಪವಾಸ ಕೆಡವ್ತೀಯೋ?” ಬೆಂಗಳೂರು ಕಡೆಯ ಮಾತು, ನಮ್ಮದಲ್ಲ. ಆದರೂ ನಕ್ಕುಬಿಡುತ್ತಿದ್ದೆ. ಇವರ ಸ್ವಂತ ದನಿಗೆ ನಾನು ಒಂದು ಸಲವೂ ಸೋತಿಲ್ಲ.

ಎರಡು ಮುಖಕ್ಕೂ ಇದ್ದ ಫರಕು ಒಂದೇ. ಇವರಿಗಿಂತ ಮುಂಚೆ ಹುಟ್ಟಿದ ಕೂಸುಗಳು ನನ್ನ ಅತ್ತೆಗೆ ದಕ್ಕಿರಲಿಲ್ಲ. ಅದಕ್ಕೇ ಇವರು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿ, ಹೆಣ್ಣುಕೂಸಿನ ಹಾಗೆ ಸಾಕಿದರಂತೆ. “ಯಮಗ ಗುರ್ತ ಸಿಗಬಾರದು ನೋಡವಾ, ಅದಕ್ಕ,” ಎಂದು ಅತ್ತೆ ಇರುವ ತನಕ ಹೇಳುತ್ತಿದ್ದರು. ಎಡ ಹೊಳ್ಳೆಯ ಮೇಲೆ ಸಾಸಿವೆಯಷ್ಟು ಕುಳಿ ಉಳಿದಿತ್ತು. ಪ್ರೋಗ್ರಾಮಿನ ದಿನ ಇವರಿಗೆ ಮೇಕಪ್ ಮಾಡುವವಳು ನಾನೇ. ಪೇಂಟು ಬೆರಳಿಗೆ ಹಚ್ಚಿಕೊಂಡು ಆ ಕುಳಿಯನ್ನು ಒತ್ತಿ ಮುಚ್ಚಿದರೆ ಮುಗಿಯಿತು. ಹಿಂದೆ ಸರಿದು ನೋಡಿ, “ಈಗ ಆತು ನೋಡ್ರಿ,” ಅನ್ನುತ್ತಿದ್ದೆ.

ದೊಡ್ಡವರು ಹೋದ ಮೇಲೆ ಮನೆಯಲ್ಲಿ ಆ ದನಿ ನಿಂತಿತು. ಒಂದು ಸಂಜೆ ನಾನೇ ಬೇಕೆಂದು ಜಗಳ ತೆಗೆದು ಮುಖ ತಿರುಗಿಸಿ ಕೂತೆ. ಇವರು ತಟ್ಟೆ ತಾವೇ ಹಚ್ಚಿಕೊಂಡು ಉಂಡು ಎದ್ದರು.

ಟಿವಿಯವರಿಗಂತೂ ನಾಚಿಕೆ ಇಲ್ಲ. ಹೆಣದ ಗಾಡಿಯನ್ನೇ ತೋರಿಸಿದ್ದು ತೋರಿಸಿದ್ದು, ಹಿಂದೆ ಪಿಟೀಲು. ಫೋನೂ ನಿಲ್ಲಲಿಲ್ಲ. ಮಾಟುಂಗದ ಒಂದು ಸಂಘದವರು, ಮಂಗಳೂರು ಕಡೆಯವರು, ಶ್ರದ್ಧಾಂಜಲಿ ಸಭೆಗೆ ಕರೆದರು. “ಮಾತಾಡುವುದು ಬೇಡ ಮಾರಾಯ್ರೆ. ಫೋಟೋದ ಬದಿಯಲ್ಲಿ ಆ ಕೋಟು ಹಾಕಿ ನಿಂತ್ರೆ ಸಾಕು. ಜನರಿಗೊಂದು ಸಮಾಧಾನ.”

“ಸತ್ತವರ ಬದಿಗಿ ಜೀವಂತ ನಿಂತು ಏನ ಮಾಡ್ಲಿರಿ?” ಅಂದು ಇವರು ಫೋನ್ ಇಟ್ಟರು.

ಹೊರಗೆ ಹೋದರೆ ಅದೇ. ಸ್ಟೇಷನ್ ರಸ್ತೆಯಲ್ಲಿ ಒಬ್ಬ ಹೆಂಗಸು ಇವರ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳಂತೆ. ಗಾರೆ ಕೆಲಸದ ಹುಡುಗರು ಅಳುತ್ತಲೇ ಸೆಲ್ಫಿ ತೆಗೆಸಿಕೊಂಡರಂತೆ. ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುತ್ತ, “ಎಲ್ಲಾರೂ ನನ್ನ ಹೆಣಾ ನೋಡಿದಂಗ ನೋಡ್ತಾರ,” ಅಂದರು. ಆ ಮಾತಿಗೂ ಬಿಡ್ತು ಅನ್ನಿಸಲು ಹೋದೆ. ಕೇಳಿಸದವರಂತೆ ಟವೆಲ್ ತೆಗೆದುಕೊಂಡರು.

ಇವರು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಏನು ಹೇಳಲಿ? ಅಳ್ತೇನಿ ಅಂದರೆ ಸಾಯಿರಿ ಅಂದ ಹಾಗೆ. ಅಳೂದಿಲ್ಲ ಅಂದರೆ ಅದು ಇನ್ನೂ ಕೆಟ್ಟದ್ದು. ಕೇಳಿದ್ದು ಅಳುವಿನ ಮಾತೂ ಅಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ನೀನು ಬಾಳ್ವೆ ಮಾಡಿದ್ದು ನನ್ನ ಜೊತೆಗೋ, ಆ ಮುಖದ ಜೊತೆಗೋ ಎಂದು ಕೇಳಿದ್ದರು. ನನಗೂ ಗೊತ್ತಿರಲಿಲ್ಲ. ಅದೇ ಹೆದರಿಕೆ.

ಪಕ್ಕದ ಖೋಲಿಯಲ್ಲಿ ಒಬ್ಬ ಪೇಂಟರ್ ಇದ್ದಾನೆ, ವಿಜಾಪುರ ಕಡೆಯ ಸಾಬರವನು. ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಾನೆ. ದೊಡ್ಡವರೆಂದರೆ ಅವನಿಗೆ ಪ್ರಾಣ. ಅವನೇ ಮುಂದೆ ನಿಂತು ನಮ್ಮ ರಸ್ತೆ ಕೂಡುವ ನಾಕಾದಲ್ಲಿ, ರಿಕ್ಷಾ ಸ್ಟ್ಯಾಂಡಿನ ಹಿಂದಿನ ಗೋಡೆಗೆ, ಆಳೆತ್ತರದ ಫ್ಲೆಕ್ಸ್ ಹಾಕಿಸಿದ. ನಡುವೆ ದೊಡ್ಡವರ ಮುಖ, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’. ಹನ್ನೊಂದನೆಯ ದಿನ ಅದರ ಮುಂದೆಯೇ ಊಟ ಹಾಕುವುದು ಎಂದೂ ಮಾತಾಯಿತು.

ಫ್ಲೆಕ್ಸ್ ಏರಿದ ಮರುದಿನ ಸಂಜೆ ನಾನು ಕಾಯಿಪಲ್ಲೆ ತರಲು ಹೋಗಿದ್ದೆ. ನಾಕಾಕ್ಕೆ ಬಂದರೆ ನನ್ನ ಗಂಡ ಒಂದು ಸ್ಟೂಲಿನ ಮೇಲೆ ನಿಂತಿದ್ದಾರೆ. ಡ್ಯೂಟಿಯಿಂದ ಬರುತ್ತ ಚೆಂಡುಹೂವಿನ ಹಾರ ತಂದಿದ್ದರು. ಅದನ್ನು ಮೊಳೆಗೆ ಸಿಕ್ಕಿಸಿ, ಎರಡೂ ಕೈ ಮುಗಿದು, ಕಣ್ಣು ಮುಚ್ಚಿಕೊಂಡು ನಿಂತರು. ಆಮೇಲೆ ನನ್ನನ್ನು ನೋಡಿದರು.

“ಯಾವ ಪಿಕ್ಚರಿನ ಫೋಟೋ ಅಂತೀ ಇದು? ನಾ ಎಲ್ಲೂ ನೋಡಿಲ್ಲ. ಭಾಳ ಚೊಲೊ ಬಂದೈತಿ.”

ಅಳುವುದಕ್ಕೆ ತಯಾರಾಗಿಯೇ ಸೆರಗು ಕೈಯಲ್ಲಿ ಹಿಡಿದು ತಲೆ ಎತ್ತಿದೆ. ಅಗಲ ಹಣೆ, ಮೀಸೆ, ಓರೆ ನಗೆ. ಎಡ ಹೊಳ್ಳೆಯ ಮೇಲೆ ಒಂದು ಕುಳಿ. ಸಾಸಿವೆಯಷ್ಟಿದ್ದದ್ದು ಅಲ್ಲಿ ರೂಪಾಯಿಯಷ್ಟಾಗಿತ್ತು. ಮುಲುಂಡಿನ ಪ್ರೋಗ್ರಾಮಿನಲ್ಲಿ ಫ್ಯಾನಿರಲಿಲ್ಲ. ಬೆವರಿಗೆ ಮೂಗಿನ ಪೇಂಟು ಇಳಿದಿತ್ತು, ನಾನು ಮತ್ತೆ ಹಚ್ಚಲು ಹೋದರೆ ಆಗಲೇ ಸ್ಟೇಜಿನ ಮೇಲೆ ಕರೆದಿದ್ದರು. ಎಲ್ಲ ನೆನಪಾಯಿತು. ಆಗ ತೆಗೆದ ಫೋಟೋ ಇದು.

“ರೀ, ಕೆಳಗ ಇಳೀರಿ.”

“ಯಾಕ?”

“ಇಳೀರಿ ಅಂದ್ನಿಲ್ಲ, ಇಳೀರಿ!”

ರಿಕ್ಷಾದವರೆಲ್ಲ ತಿರುಗಿ ನೋಡಿದರು. ಇವರು ಇಳಿದರು.

“ಅದು ಅವರಲ್ಲ. ನೀವು.”

“ಹುಚ್ಚ ಹಿಡಿದೈತೇನ ನಿನಗ?”

“ಮೂಗ ನೋಡ್ರಿ.”

ನೋಡಿದರು. ನೋಡುತ್ತಲೇ ಇವರ ಬೆರಳು ತಮ್ಮ ಮೂಗಿನ ಮೇಲೆ ಹೋಗಿ ನಿಂತಿತು. ಆಮೇಲೆ ತಾವೇ ಹಾಕಿದ ಹಾರ ನೋಡಿದರು, ಕೆಳಗಿನ ಅಕ್ಷರ ಓದಿದರು.

ಪೇಂಟರನನ್ನು ಕರೆಸಿದೆ. ಅವನು ಬಂದು ನೋಡಿ ಎರಡೂ ಕೆನ್ನೆ ಹೊಡೆದುಕೊಂಡ. “ತೌಬಾ, ತೌಬಾ! ಭಾಬಿ, ಅವರದೂ ಇವರದೂ ದೋನೋ ಫೋಟೋ ಮೊಬೈಲ್‌ದಾಗ ಇದ್ದವು. ಪ್ರಿಂಟಿಂಗ್‌ದಂವ ಗುಜರಾತಿ, ಅವಗ ಏನ ಗೊತ್ತು? ದೋನೋ ಏಕಚ್ ಹೈ ನಾ ಅಂತ ಸಾಫ್ ಇದ್ದದ್ದು ತಗೊಂಡಾನ. ಅವನ್ದು ಹೋಗ್ಲಿ, ದಿನಾ ಇವರ ಮಾರಿ ನೋಡೋಂವ ನಾನ. ನನಗ ಗುರ್ತ ಹತ್ತಿಲ್ಲ.”

“ಮೊದಲ ಇಳಸೋ ಅದನ್ನ! ಜೀವಂತ ಇದ್ದವರಿಗಿ ಹಾರ ಹಾಕಿ ಗ್ವಾಡಿಗಿ ಏರಿಸ್ತೀರೇನೋ? ನನ್ನ ಕುಂಕುಮಕ್ಕ ಗತಿ ಏನು?” ನಡುರಸ್ತೆಯಲ್ಲಿ ಬಾಯಿ ಮಾಡಿದೆ. ಮಾಡಬಾರದೇ?

ಅವನು ಸ್ಟೂಲು ಹತ್ತಿದ. ನನ್ನ ಗಂಡ ಅವನ ಅಂಗಿ ಹಿಡಿದು ಇಳಿಸಿದರು.

“ಇರ್ಲಿ ಬಿಡೋ. ಮಂದಿ ಬಂದು ಹೂ ಹಾಕ್ಯಾರ, ಅತ್ತಾರ. ಈಗ ಇಳಿಸಿದ್ರ ಅವರ ಅಳು ಸುಳ್ಳ ಆಗ್ತೈತಿ. ಊಟ ಮುಗೀಲಿ.” ಆಮೇಲೆ ನನ್ನ ಕಡೆ ತಿರುಗಿದರು. “ನಿನಗ ಹೆಂಗ ಗೊತ್ತಾತು? ನನಗ ಗೊತ್ತಾಗ್ಲಿಲ್ಲ.”

“ಇಷ್ಟು ವರ್ಷ ಅದನ್ನ ಮುಚ್ಚಾಕಿ ಯಾರು? ನನಗ ಗೊತ್ತಾಗಲಾರದ ಇನ್ಯಾರಿಗಿ ಗೊತ್ತಾಗಬೇಕು?”

ಇವರು ಕಾಯಿಪಲ್ಲೆಯ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಮನೆ ತನಕ ಹೊತ್ತರು.

ಮರುದಿನ ಎದ್ದು ನೋಡಿದರೆ ಮೀಸೆ ಇಲ್ಲ. ಕೂದಲನ್ನೂ ಸಣ್ಣಗೆ ಕತ್ತರಿಸಿಕೊಂಡು ಬಂದಿದ್ದರು. ಮೇಲ್ತುಟಿ ಬೆಳ್ಳಗೆ, ಬಿಸಿಲು ಕಾಣದ ಚರ್ಮ. ಮಗಳು ಬಾಯಿ ತೆರೆದು ನಿಂತಳು. “ಪಪ್ಪಾ, ತುಮ್ ತೋ… ಅಜ್ಜಿ ಥರ ಕಾಣ್ತಿ!” ಅಂದಳು. ಹೌದು, ಅತ್ತೆಯದೇ ಬಾಯಿ. ಇಷ್ಟು ವರ್ಷ ಮೀಸೆಯ ಕೆಳಗೆ ಅದು ಇತ್ತು, ನಾನು ನೋಡಿರಲಿಲ್ಲ. ಕೋಟನ್ನು ಮಡಚಿ ಪೇಂಟರನಿಗೆ ಕೊಟ್ಟುಬಿಟ್ಟರು. ಇನ್ನು ಜೂನಿಯರ್ ಇಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ತಿಳಿಯಿತು.

ಹನ್ನೊಂದನೆಯ ದಿನ ನಾಕಾದಲ್ಲಿ ಊಟ. ಅನ್ನ, ಸಾರು, ಗೋಧಿ ಹುಗ್ಗಿ. ಎಲ್ಲೆಲ್ಲಿಂದಲೋ ಜನ ಬಂದರು. ಬಂದವರು ಮೊದಲು ಫೋಟೋದ ಮುಂದೆ ನಿಂತು ಕಣ್ಣೊರೆಸಿಕೊಂಡು, ಆಮೇಲೆ ಪಂಕ್ತಿಗೆ ಕೂತರು. ನನ್ನ ಗಂಡ ಬಕೆಟ್ ಹಿಡಿದು ಹುಗ್ಗಿ ಬಡಿಸುತ್ತಿದ್ದರು. ಹೊರಗಿನವರಲ್ಲಿ ಒಬ್ಬರಿಗೂ ಗುರುತು ಸಿಗಲಿಲ್ಲ. ಆರ್ಕೆಸ್ಟ್ರಾಕ್ಕೆ ಶಿಳ್ಳೆ ಹಾಕುತ್ತಿದ್ದ ಹುಡುಗರೂ “ಕಾಕಾ, ಇನ್ನೊಂದಿಷ್ಟು” ಎಂದು ತಟ್ಟೆ ಚಾಚಿದರು.

ಮುಲುಂಡಿನಿಂದ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದು ಲೋಕಲ್ ಬದಲಿಸಿ ಬಂದಿದ್ದಳು. ಫೋಟೋದ ಕೆಳಗೆ ಗೋಡೆಗೆ ತಲೆ ಇಟ್ಟು ಅತ್ತು ಬಂದು ಕೂತಿದ್ದಳು. ಹುಗ್ಗಿ ಬಡಿಸುತ್ತಿದ್ದ ಇವರ ಮುಖ ನೋಡಿ ಕೇಳಿದಳು.

“ಯಪ್ಪಾ, ನೀ ಅವರ್ನ ಕಣ್ಣಾರೆ ನೋಡಿದ್ದೇನ?”

“ಇಲ್ಲಬೇ ಯವ್ವಾ. ಒಮ್ಮಿನೂ ಭೆಟ್ಟಿ ಆಗ್ಲಿಲ್ಲ.”

“ಪಾಪ. ಅಷ್ಟು ಪುಣ್ಯ ಇಲ್ಲ ನೋಡ ನಿನಗ.”

ಇವರು ಹೌದೆಂದು ತಲೆಯಾಡಿಸಿ ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.

ಅನ್ನದ ಪಾತ್ರೆಯ ಹಿಂದೆ ನಾನು ಕುಸಿದು ಕೂತೆ. ತಡೆಯಲಾಗಲಿಲ್ಲ. ಅವತ್ತು ಒಲೆಯ ಮುಂದೆ ಅತ್ತದ್ದು ಏನೂ ಅಲ್ಲ ಅನ್ನುವ ಹಾಗೆ ಅತ್ತೆ. ಹೆಂಗಸರು ಓಡಿ ಬಂದು ಬೆನ್ನು ಸವರಿದರು. “ಇರ್ಲಿ ಬಿಡವಾ, ದೊಡ್ಡ ಮನುಷ್ಯಾ, ಎಲ್ಲಾರಿಗೂ ಬ್ಯಾನಿ ಆಗೇತಿ,” ಎಂದು ಸಮಾಧಾನ ಹೇಳಿದರು. ಗೋಡೆಯ ಮೇಲಿನ ಫೋಟೋ ತೋರಿಸಿ ತಾವೂ ಅತ್ತರು.

ಗಂಡ ಬಕೆಟ್ ಕೆಳಗಿಟ್ಟು ಬಂದರು. ಸೌಟು ಕೈಯಲ್ಲೇ ಇತ್ತು. ಯಾರಿಗಾಗಿ ಅಳುತ್ತಿ ಎಂದು ಕೇಳಲಿಲ್ಲ. ನನ್ನ ಬದಿಗೆ ಬಗ್ಗಿ, ತಮ್ಮ ಸ್ವಂತ ದನಿಯಲ್ಲಿ, “ಬಿಡ್ತು,” ಅಂದರು.