ಫಿಲೋಮಿನಾ ಹೇಳದೆ ಬಿಟ್ಟ ಮಾತು

2022ರಲ್ಲಿ ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸೀನಿಯರ್ ನರ್ಸ್ ಆಗಿದ್ದೆ. ದೇವರಾಜ ಅರಸು ಬಡಾವಣೆಯ ಮನೆಯಿಂದ ಡ್ಯೂಟಿಗೆ ಹೊರಡುವಾಗ ನಮ್ಮ ಯಜಮಾನರು, ಸಿಟ್ಟನ್ನು ಇಲ್ಲೇ ಬಿಟ್ಟು ಹೋಗು ಎಂದು ತಮಾಷೆ ಮಾಡುತ್ತಿದ್ದರು. ಬಿಟ್ಟು ಹೋಗಿದ್ದು ಕಡಿಮೆ. ಆ ವಾರ್ಡಿನಲ್ಲಿ ಸಿಟ್ಟೂ ಕೆಲಸಕ್ಕೆ ಬರುತ್ತಿತ್ತು.

ಮಗು ಹೊಟ್ಟೆಯಲ್ಲೇ ತೀರಿಕೊಂಡರೆ ನಾವು ಐಯುಡಿ ಎನ್ನುತ್ತೇವೆ. ಆದರೂ ತಾಯಿ ಬೇನೆ ತಿನ್ನಲೇಬೇಕು. ಅಂಥ ಮಗುವನ್ನು ತಾಯಿಗೆ ತೋರಿಸುವ ರೂಢಿ ನಮ್ಮಲ್ಲಿ ಇರಲಿಲ್ಲ. ಹಸಿರು ಬಟ್ಟೆಯಲ್ಲಿ ಸುತ್ತಿ ಮನೆಯ ಗಂಡಸರ ಕೈಗೆ ಕೊಡುತ್ತಿದ್ದೆವು, ಅವರು ಸಂಜೆಯೊಳಗೆ ಮಣ್ಣು ಮಾಡಿ ಬರುತ್ತಿದ್ದರು. ತಾಯಿಗೆ ಹಾಲು ನಿಲ್ಲುವ ಮಾತ್ರೆ. ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು. ಮರೆತವಳನ್ನು ನಾನಂತೂ ಕಂಡಿಲ್ಲ. ಮುಂದಿನ ಹೆರಿಗೆಗೆ ಬಂದಾಗಲೂ “ಅದು ಯಾರಂಗಿತ್ರಿ ಸಿಸ್ಟರ್?” ಎಂದು ಕೇಳಿದವರಿದ್ದಾರೆ.

ಫಿಲೋಮಿನಾ ಹರಿಹರದವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಗಂಡ ಲೇತ್ ಕೆಲಸದವನು. ಮೊದಲ ಬಸಿರು, ದಿನ ತುಂಬಿತ್ತು. ಮಗು ಮಿಸುಕಾಡುತ್ತಿಲ್ಲ ಎಂದು ಬಂದಳು. ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಸಿಗಲಿಲ್ಲ. ಮರುದಿನ ಮಧ್ಯಾಹ್ನ ಹೆರಿಗೆಯಾಯಿತು, ಗಂಡು ಕೂಸು. ನಾನು ಬಟ್ಟೆ ಸುತ್ತುತ್ತಿದ್ದಾಗ ಅವಳು ಮೊಣಕೈ ಊರಿ ಎದ್ದಳು.

“ಕೊಡ್ರಿ ಇಲ್ಲಿ. ನನ್ನ ಮಗ ಅದು.”

ಅವಳ ಅತ್ತೆ ಅನ್ನಮ್ಮ ಅಡ್ಡ ಬಂದರು. “ಬ್ಯಾಡವ್ವ. ಜ್ಞಾನಸ್ನಾನ ಆಗಿಲ್ಲ, ಹೆಸರಿಡಂಗಿಲ್ಲ. ನಮ್ಮ ಸಮಾಧಿ ತೋಟದಾಗ ಜಾಗಾನೂ ಸಿಗಲ್ಲ. ನೋಡಿ ಏನ್ ಮಾಡ್ತಿ?”

ಜ್ಞಾನಸ್ನಾನವೆಂದರೆ ತಲೆಗೆ ನೀರೆರೆದು ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ವಿಧಿ. ಅದು ಜೀವ ಇರುವವರಿಗೆ ಮಾತ್ರ. ಅನ್ನಮ್ಮ ಕೆಟ್ಟವರೇನಲ್ಲ, ಅವರ ಅತ್ತೆ ಹೇಳಿದ್ದನ್ನೇ ಅವರೂ ಹೇಳಿದರು.

ಫಿಲೋಮಿನಾ ಬಗ್ಗಲಿಲ್ಲ. “ಒಂಬತ್ತು ತಿಂಗಳು ನನ್ನ ಜೊತಿ ಚರ್ಚಿಗೆ ಪೂಜೆಗೆ ಬಂದೈತ್ರಿ ಅತ್ತಿ. ಈಗ ಹೊರಗ ಹಾಕಾಕ ಯಾರಿಗೈತೆ ಅಧಿಕಾರ? ಫಾದರ್‌ಗೆ ಫೋನ್ ಹಚ್ಚಿ ಕೇಳ್ರಿ.”

ಡ್ಯೂಟಿ ಡಾಕ್ಟರು ಬಾಗಿಲಲ್ಲಿ ನಿಂತು, “ಬಿ.ಪಿ. ಏರುತ್ತೆ, ಬೇಗ ಕಳಿಸಿಬಿಡಿ ಸಿಸ್ಟರ್” ಎಂದರು. ನನಗೆ ರೇಗಿತು. “ಬಿ.ಪಿ. ನಾನು ನೋಡ್ಕೊಂತೀನಿ ಸರ್. ಮಗು ಆಕೀದು” ಎಂದು ಪರದೆ ಎಳೆದೆ. ಅನ್ನಮ್ಮನವರ ಕಡೆಗೂ ತಿರುಗಿದೆ. “ನಾವು ಲಿಂಗಾಯತರ್ರಿ. ಎಂಟನೇ ತಿಂಗಳಾಗ ಹೊಟ್ಟ್ಯಾಗಿನ ಕೂಸಿಗೇ ಲಿಂಗ ಕಟ್ಟಿಸ್ತೀವಿ. ಹೆರಿಗೆ ಆಗೋತನಕ ದೇವರು ಹೊರಗ ಕಾಯ್ಕೊಂತ ಕುಂತಿರ್ತಾನೇನ್ರಿ?”

ಗಂಡ ಫಾದರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ವಿಷಯ ಕೇಳಿ ಅವರು ದನಿ ಏರಿಸಿದರು. “ಜಾಗ ಇಲ್ಲ ಅಂತ ಯಾರ್ ಹೇಳಿದ್ದು? ಹೆಸರಿಟ್ಟು ಕರ್ಕೊಂಡು ಬರ್ರಿ. ಪ್ರಾರ್ಥನೆ ನಾನೇ ಮಾಡ್ತೀನಿ.”

ಮಗುವನ್ನು ಅವಳ ಮಡಿಲಲ್ಲಿಟ್ಟೆ. ಅವಳು ಬಟ್ಟೆ ಬಿಡಿಸಿ ಕಾಲು, ಬೆರಳು, ಮುಖ ಎಲ್ಲ ನೋಡಿದಳು. “ಕಿವಿ ನಿಮ್ಮವೇ ಅದಾವು ನೋಡ್ರಿ ಅತ್ತಿ” ಎಂದಳು. ಜೋಸೆಫ್ ಎಂದು ಹೆಸರಿಟ್ಟಳು. ಆಮೇಲೆ ಪರಲೋಕ ಮಂತ್ರ ಶುರುಮಾಡಿದಳು, ಅವರು ದಿನವೂ ಹೇಳುವ ಪ್ರಾರ್ಥನೆ ಅದು. ದೇವರೇ, ನಿನ್ನ ಇಷ್ಟದಂತೆ ಆಗಲಿ ಎಂಬ ಮಾತು ಬರುವಲ್ಲಿ ತಟ್ಟನೆ ನಿಂತಳು.

“ಈ ಮಾತು ಇವತ್ತು ನಾ ಹೇಳಲ್ಲ. ಆತನ ಮ್ಯಾಲೆ ನಂಗ ಸಿಟ್ಟೈತೆ. ನೀವು ಹೇಳ್ರಿ ಅತ್ತಿ.”

ಅನ್ನಮ್ಮ ಮಂಚ ಹಿಡಿದುಕೊಂಡು ಸೊಸೆಯ ಪರವಾಗಿ ಆ ಮಾತು ಹೇಳಿದರು. ಮುಂದಿನದನ್ನು ಫಿಲೋಮಿನಾ ಎತ್ತಿಕೊಂಡಳು. ಆಗ ಅವಳ ಅಳು ಒಡೆಯಿತು. ನರ್ಸ್ ಅಳಬಾರದಂತೆ. ನಾನು ಅತ್ತುಬಿಟ್ಟೆ, ಯಾರು ಏನಾದರೂ ಅಂದುಕೊಳ್ಳಲಿ.

ಕೆಲವು ತಿಂಗಳಾದ ಮೇಲೆ ಹರಿಹರಕ್ಕೆ ಹೋದಾಗ ಅವರ ಮನೆಗೆ ಹೋದೆ. ಫಿಲೋಮಿನಾ ಹೊಲಿಯುತ್ತಿದ್ದಳು, ಮುಖದಲ್ಲಿ ಕಳೆ ಇತ್ತು. “ಈಗ ಪ್ರಾರ್ಥನೆ ಪೂರ್ತಿ ಹೇಳ್ತಿಯೇನವ್ವ?” ಎಂದೆ.

“ಇನ್ನೂ ಇಲ್ರಿ. ಅಲ್ಲಿಗೆ ಬಂದ್ರೆ ಅತ್ತಿ ದನಿ ಜೋರ್ ಮಾಡ್ತಾರ. ದೇವರೇನ್ ಬ್ಯಾಸರ ಮಾಡ್ಕೊಂಡಿಲ್ಲ. ಅವನ ಹತ್ರ ಅಲ್ದ ಇನ್ಯಾರ ಹತ್ರ ಜಗಳಾಡ್ಲಿ? ಅದಕ್ಕ ನಿದ್ದಿ ಬರ್ತೈತೆ ನಂಗ.”

ದುಃಖದಲ್ಲಿರುವವರ ಪರವಾಗಿ ಒಂದು ಮಾತನ್ನು ನಾವು ಹೇಳಬಹುದು, ಅವರ ನಂಬಿಕೆಯ ಮೇಲೆ ಯಜಮಾನಿಕೆ ಮಾಡುವಂತಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದು. ನಿವೃತ್ತಿಯ ದಿನ ನನ್ನ ಜಾಗಕ್ಕೆ ಬಂದ ಸಿಸ್ಟರ್‌ಗೆ ಇಷ್ಟೇ ಹೇಳಿ ಬಂದೆ: “ತಾಯಿ ಕೇಳಿದ್ರೆ ಮಗೂನ ಕೊಡ್ರಿ. ಯಾರು ಬ್ಯಾಡ ಅಂದ್ರೂ ಕೊಡ್ರಿ.”