ನೆಲದಡಿಯಿಂದ ಬಂದ ಎರಡು ಪಾಯಿಂಟು

ನಾನು ಎಸೆದ ಚೆಂಡು ರಿಂಗಿಗೂ ಹಲಗೆಗೂ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ಕೂತುಬಿಟ್ಟಿತು. 1965ರ ಮಾತು. ಏಷ್ಯಾ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ಪಿಗೆ ಭಾರತ ಮೊದಲ ಸಲ ಹೋಗಿದೆ ಎಂದು ಪೇಪರಿನಲ್ಲಿ ಓದಿ, ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ನಾವು ಹತ್ತು ಗೆಳೆಯರು ಅದನ್ನೇ ಆಡುತ್ತಿದ್ದೆವು. ಚೀಟಿ ಎತ್ತಿದಾಗ ನಮ್ಮ ಐವರ ಪಾಲಿಗೆ ಬಂದದ್ದು ಫಿಲಿಪೈನ್ಸ್, ಎದುರಿನ ಐವರಿಗೆ ಇಂಡಿಯಾ. ಕೊನೆಯ ನಿಮಿಷ, ನಾವು ಒಂದೇ ಪಾಯಿಂಟು ಹಿಂದಿದ್ದೆವು.

ಅಷ್ಟರಲ್ಲಿ ಗಣಿಯೊಳಗೆ ದಿನದಂತೆ ಮದ್ದು ಸಿಡಿಯಿತು. ನೆಲ ನಡುಗಿತು, ಕಂಬ ಅದುರಿತು, ಚೆಂಡು ನೆಟ್ಟಗೆ ರಿಂಗಿನೊಳಗೆ ಬಿತ್ತು. ನಾವು ಐದೂ ಜನ ಕುಣಿದಾಡಿದೆವು.

ಗಣಿ ಕೆಲಸದಿಂದ ರಿಟೈರಾಗಿದ್ದ ಮುನಿಯಪ್ಪಣ್ಣ ನಮ್ಮ ರೆಫರಿ. ಸಾವಕಾಶವಾಗಿ ಸೀಟಿ ಊದಿ ತೀರ್ಪು ಕೊಟ್ಟರು: “ಚೆಂಡು ಬೀಳಿಸ್ದೋರು ಕೆಳಗಿರೋರು ಕಣ್ಲಾ. ಅವ್ರು ಇಂಡಿಯಾದೋರಲ್ವಾ? ಎಲ್ಡು ಪಾಯಿಂಟೂ ಇಂಡಿಯಾಕ್ಕೆ.”

ಜಗಳಕ್ಕೆ ಹೊರಟವನು ಚೆಂಡನ್ನೆತ್ತಿ ಇಂಡಿಯಾದವರ ಕೈಗಿಟ್ಟೆ. ಆ ಪಾಳಿಯಲ್ಲಿ ಮದ್ದಿಗೆ ಬೆಂಕಿ ಕೊಡುವವರು ನಮ್ಮಪ್ಪ.

ನಿಜವಾದ ಚಾಂಪಿಯನ್‌ಶಿಪ್ಪಿನಲ್ಲಿ ಭಾರತ ಆ ಸಲ ಕಪ್ ಗೆಲ್ಲಲಿಲ್ಲ. ಆದರೆ ಸಂಜೆ ಮೈಗೆಲ್ಲ ಧೂಳು ಮೆತ್ತಿಕೊಂಡು ಬಂದ ಅಪ್ಪ, “ಯಾರ್ಲಾ ಗೆದ್ದಿದ್ದು?” ಎಂದಾಗ ನಾನು ಕೊಟ್ಟ ಉತ್ತರವನ್ನು ಇವತ್ತಿಗೂ ಬದಲಾಯಿಸಿಲ್ಲ: “ನೀನೇ ಕಣಪ್ಪ.”